ಕಾಲಕ್ಕೊಂದು ಕಾಸು

ಸಂಜೆ ಕಸದ ಲಾರಿ ಟಿಣ್ ಟಿಣ್ ಎಂದು ಹಾಡುತ್ತ ಬಂದಾಗ ದೇಗುಲದ ಹಿಂದಿನ ಕೇರಿಯಲ್ಲಿ ಯಾರೂ ಮನೆಯೊಳಗೆ ಇರುವುದಿಲ್ಲ. ತೈನಾನ್ ಪಟ್ಟಣದಲ್ಲಿ ಕಸಕ್ಕಿರುವಷ್ಟು ಮರ್ಯಾದೆ ಬೇರೆ ಯಾವ ನೆಂಟನಿಗೂ ಇಲ್ಲ. ಎಲ್ಲರೂ ಬಾಗಿಲವರೆಗೆ ಅಲ್ಲ, ಬೀದಿಯ ತುದಿಯವರೆಗೆ ಹೋಗಿ ಅದನ್ನು ಬೀಳ್ಕೊಡುತ್ತಾರೆ. ಕೈಯಲ್ಲಿ ಚೀಲ, ಕಾಲಲ್ಲಿ ರಬ್ಬರ್ ಚಪ್ಪಲಿ, ಬಾಯಲ್ಲಿ ನಿನ್ನೆಯ ಸುದ್ದಿಯಲ್ಲಿ ಉಳಿದದ್ದು. ಅಂಥ ತುಂಬಿದ ಸಭೆಯಲ್ಲಿ ಬೋಂಗ್‌ಛೀ ತನ್ನ ಚೀಲವನ್ನು ಲಾರಿಯ ಬಾಯಿಗೆ ಎಸೆದಳು. ಚೀಲ ದೊಪ್ಪನೆ ಬಿತ್ತು. ಬಿದ್ದದ್ದೇ, ಅದರ ಹೊಟ್ಟೆಯೊಳಗಿಂದ ಗಂಭೀರವಾದ ಗಂಡು ದನಿಯೊಂದು "ನಮೋ ಅಮಿತಾಭ" ಎಂದು ಜಪ ಶುರುಮಾಡಿತು.

ಮುದುಕಿಯರು ಕಸದ ಚೀಲ ಹಿಡಿದ ಕೈಯಲ್ಲೇ ಕೈಮುಗಿದರು. ಲಾರಿಯವನು ಕಸ ಒತ್ತುವ ಗುಂಡಿಯ ಮೇಲೆ ಇಟ್ಟಿದ್ದ ಬೆರಳನ್ನು ಬೆಂಕಿ ತಾಗಿದವನಂತೆ ಹಿಂದಕ್ಕೆ ಎಳೆದುಕೊಂಡ.

"ನಾನು ಬುದ್ಧನ್ನ ಒತ್ತಲ್ಲ," ಎಂದ. "ನನಗೂ ಹೆಂಡ್ತಿ ಮಕ್ಕಳಿದಾರೆ. ಯಾರದ್ದಿದು? ಬಂದು ತಗೀರಿ."

ಬೋಂಗ್‌ಛೀ ಅತ್ತಿತ್ತ ನೋಡಿದಳು. ಇಡೀ ಕೇರಿ ಅವಳನ್ನೇ ನೋಡುತ್ತಿತ್ತು. ಅರವತ್ತು ದಾಟಿದ, ಅದಕ್ಕೆ ತಕ್ಕ ತೂಕವೂ ಇದ್ದ ಆ ಹೆಂಗಸು ಲಾರಿಯ ಹಿಂಬದಿಯ ಮೆಟ್ಟಿಲು ಹತ್ತಿ, ಸೊಂಟದವರೆಗೆ ಒಳಗೆ ಬಗ್ಗಿ, ಊರವರ ಕಸವನ್ನೆಲ್ಲ ಕೆದಕಿ, ಹಳೆ ಪೇಪರಿನಲ್ಲಿ ಸುತ್ತಿದ್ದ ಜಪದ ಡಬ್ಬಿಯನ್ನು ಮೇಲೆತ್ತಿದಳು. ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ. ಎಲ್ಲರ ಮನೆಯ ಪೂಜೆಯ ಮೂಲೆಯಲ್ಲೂ ಹಗಲೂ ರಾತ್ರಿ ಗುನುಗುವಂಥದ್ದು.

"ಛೀ ಚಿಕ್ಕಮ್ಮಾ," ಎಂದ ಮೀನಿನ ಗಂಜಿ ಮಾರುವ ಬುನ್‌ತೇ, "ದೇವರನ್ನ ಕಸಕ್ಕೆ ಹಾಕೋ ವಯಸ್ಸಾ ಇದು?"

"ಸತ್ತೇ ಹೋಗಿತ್ತು ಕಣೋ! ವಾರದಿಂದ ಉಸಿರೇ ಇರ್ಲಿಲ್ಲ. ಬಿದ್ದ ಏಟಿಗೆ ಪುನರ್ಜನ್ಮ ಬಂದಿದೆ."

"ಬುದ್ಧನಿಗೆ ಪುನರ್ಜನ್ಮ ಇರಲ್ಲ ಚಿಕ್ಕಮ್ಮ. ಅದಕ್ಕೇ ಅಲ್ವಾ ಅಷ್ಟು ಕಷ್ಟಪಟ್ಟಿದ್ದು?"

ಲಾರಿಯವನಿಗೆ ಭಯ ಇಳಿದು ಕೋಪ ಏರಿತ್ತು. "ಒಳಗೆ ಬ್ಯಾಟರಿ ಇದೆ! ಒತ್ತಿದ್ದಿದ್ರೆ ಬೆಂಕಿ ಹತ್ಕೊಂಡು ಲಾರಿ ಸಮೇತ ನಾವೂ ನಿರ್ವಾಣಕ್ಕೆ ಹೋಗ್ತಿದ್ವಿ. ಇಂಥದ್ದನ್ನೆಲ್ಲ ಬೇರೆ ಕೊಡಬೇಕು ಅಂತ ಎಷ್ಟು ಸಲ ಹೇಳೋದು?" ಎಂದು ಬೈದು, ಹಾಡು ಹಾಕಿಕೊಂಡು ಹೊರಟುಹೋದ. ಬೋಂಗ್‌ಛೀ ಜಪ ಮಾಡುವ ಡಬ್ಬಿಯನ್ನು ಎದೆಗೊತ್ತಿಕೊಂಡು ನಡೆದಳು. ದಾರಿಯಲ್ಲಿ ಎದುರಾದವರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಭಕ್ತಿಯಿಂದಲೋ ವಾಸನೆಯಿಂದಲೋ ಹೇಳುವುದು ಕಷ್ಟ.

ಕನ್ನಡದ ಕಿವಿಗೆ ಈ 'ಛೀ' ಬೈಗುಳದಂತೆ ಕೇಳಿಸಿದರೆ ಅದು ಕಿವಿಯ ತಪ್ಪು. ಅಲ್ಲಿಯ ಬಾಯಲ್ಲಿ 'ಛೀ' ಎಂದರೆ ಸಾಕುವುದು. ಬೋಂಗ್‌ಛೀ ಎಂದರೆ 'ಹೂಂ, ಹುಟ್ಟಿದ್ದಾಯಿತಲ್ಲ, ಹೇಗೋ ಸಾಕೋಣ' ಎಂದು. ಮೇಲೆ ಮೇಲೆ ಹೆಣ್ಣು ಹುಟ್ಟಿದ ಮನೆಯಲ್ಲಿ ಇಡುತ್ತಿದ್ದ ಹೆಸರು. ನಮ್ಮ ಕಡೆ ಹುಟ್ಟಿದ್ದರೆ ಅವಳು ಸಾಕಮ್ಮ ಆಗುತ್ತಿದ್ದಳು, ಆ ಸಾಕು 'ಇನ್ನು ಸಾಕು'ವಿನ ಸಾಕೋ 'ಸಾಕಿ ಸಲಹು'ವಿನ ಸಾಕೋ ಎಂಬ ಅನುಮಾನವನ್ನು ಹೊತ್ತುಕೊಂಡೇ ಬದುಕುತ್ತಿದ್ದಳು. ಅವಳಿಗೆ ಅಂಥ ಅನುಮಾನವೇನೂ ಇರಲಿಲ್ಲ. ಬೆಳಕು ಹರಿಯುವ ಮುಂಚೆ ಎದ್ದು ಅಕ್ಕಿ ರುಬ್ಬಿ, ಅಣಬೆ, ಮಾಂಸದ ಚೂರು ಹಾಕಿ, ಸಣ್ಣ ಸಣ್ಣ ಪಿಂಗಾಣಿ ಬಟ್ಟಲಲ್ಲಿ ಕಡುಬು ಬೇಯಿಸಿ, ಬೆಳ್ಳುಳ್ಳಿ ಗೊಜ್ಜು ಸುರಿದು ಮಾರುವಳು. ಗಂಡ ಖೂನ್ ಬಟ್ಟಲು ತೊಳೆಯುವನು. ಅವನು ದಿನಕ್ಕೆ ಆಡುವ ಮಾತಿಗಿಂತ ಒಡೆಯುವ ಬಟ್ಟಲೇ ಹೆಚ್ಚು ಎಂದು ಅವಳ ದೂರು.

ಬಟ್ಟಲು ಖಾಲಿಯಾದ ಮೇಲೆ ಬೋಂಗ್‌ಛೀ ದೇಗುಲದ ಪಕ್ಕದ ತಗಡಿನ ಶೆಡ್ಡಿಗೆ ಹೋಗುವಳು. ಕೇರಿಯ ಕಾಗದ, ಬಾಟಲಿ, ಡಬ್ಬಗಳನ್ನೆಲ್ಲ ಅಲ್ಲಿ ಬೇರೆ ಬೇರೆ ಮಾಡಿಡುತ್ತಾರೆ. ಮಾಡುವವರು ನಾಲ್ಕಾರು ಹೆಂಗಸರು, ಸಂಬಳ ಇಲ್ಲ. ಕುಂಬಳದ ಷರಬತ್ತು ಇದೆ. ಅಲ್ಲಿ ಒಂದು ಬಿದಿರಿನ ಸ್ಟೂಲು ಅವಳದ್ದು. ಬೇರೆಯವರು ಅದರ ಮೇಲೆ ಕೂತರೆ ಅವಳು ಏನೂ ಅನ್ನುವುದಿಲ್ಲ, ಎದುರಿಗೆ ನಿಂತುಕೊಳ್ಳುತ್ತಾಳೆ, ಅವರು ಏಳುವವರೆಗೆ.

ಆ ಶೆಡ್ಡಿಗೇ ಈಗ ಕುತ್ತು ಬಂದಿತ್ತು.

ಡಬ್ಬಿಯ ಪ್ರಸಂಗ ನಡೆದ ಮರುದಿನ ಬೆಳಗ್ಗೆ ಕೇರಿಯ ಧ್ವನಿವರ್ಧಕ ಕೆಮ್ಮಿತು. ಅದು ಕೆಮ್ಮಿದರೆ ಕೇರಿಯ ಮುಖ್ಯಸ್ಥ ಹೊಕ್‌ಲಾಯ್ ಮಾತಾಡುತ್ತಾನೆ ಎಂದು ಅರ್ಥ.

"ಕೇರಿಯ ಬಂಧುಗಳೇ, ಊಟ ಆಯ್ತಾ? ವಿಷಯ ಏನಂದ್ರೆ, ನಮ್ಮ ಶೆಡ್ಡಿನ ಜಾಗ ಬೈಕ್ ನಿಲ್ಸೋಕೆ ಬೇಕಂತೆ ನಗರಸಭೆ ಕಚೇರಿಯವರಿಗೆ. ಕಾಗದ, ಬಾಟಲಿ ಎಲ್ಲ ಕೇರಿಯವರೂ ಕೂಡಿಸ್ತಾರೆ, ನಿಮ್ಮದೇನು ವಿಶೇಷ ಅಂತ ಕೇಳ್ತಾರೆ. ವಿದ್ಯುನ್ಮಾನ ಕಸ, ಅಂದ್ರೆ ಕೆಟ್ಟ ಟಿವಿ, ಫೋನು, ಬ್ಯಾಟರಿ, ಇಂಥವು, ಹೊಸ ವರ್ಷದ ಒಳಗೆ ಒಂದು ಲಾರಿ ತುಂಬ ಕೂಡಿಸಿ ಕೊಟ್ರೆ ಶೆಡ್ಡು ಉಳಿಯತ್ತೆ. ಇಲ್ಲಾಂದ್ರೆ ಇಲ್ಲ. ಈ ಕೆಲಸದ ಉಸ್ತುವಾರಿ ನಮ್ಮ ಬೋಂಗ್‌ಛೀ ಅಕ್ಕನಿಗೆ ಒಪ್ಪಿಸಿದೀನಿ. ಅವರಿಗೆ ಈ ವಿಷಯದಲ್ಲಿ ಅನುಭವ ಇದೆ ಅನ್ನೋದು ನಿನ್ನೆ ಎಲ್ಲರಿಗೂ ಗೊತ್ತಾಗಿದೆ."

ಕೇರಿ ನಕ್ಕದ್ದು ಧ್ವನಿವರ್ಧಕ ಇಲ್ಲದೆಯೂ ಕೇಳಿಸಿತು.

ಶೆಡ್ಡಿನಲ್ಲಿ ವೈರು ಸುತ್ತುತ್ತ ಕೂತಿದ್ದ ತ್ವಾನಜ್ಜಿ ತಲೆ ಎತ್ತಿದಳು. ಎಂಬತ್ತು ದಾಟಿದ ಹಿರಿಯಳು, ಕಿವಿ ಅರ್ಧ, ಬಾಯಿ ಪೂರ್ತಿ. "ಏನಂದ ಅವನು? ಯಾರ ಮಾನ ಹೋಯ್ತಂತೆ?"

"ವಿದ್ಯುನ್ಮಾನ ಅಜ್ಜಿ, ವಿದ್ಯುನ್ಮಾನ," ಎಂದಳು ಬೋಂಗ್‌ಛೀ. "ಹೋಗಿದ್ದು ನನ್ನ ಮಾನ. ಕೂಡಿಸಬೇಕಾಗಿರೋದು ವಿದ್ಯುತ್ತಿಂದು."

ಜಪದ ಡಬ್ಬಿಯೇ ಆ ರಾಶಿಯ ಮೊದಲ ಕಾಣಿಕೆ ಆಯಿತು. ಅದರ ಗುಂಡಿ ಮುರಿದದ್ದರಿಂದ ನಿಲ್ಲಿಸುವ ಬಗೆ ಯಾರಿಗೂ ತಿಳಿಯಲಿಲ್ಲ. ಹೊಸದಾಗಿ ಗುಡಿಸಿದ ಮೂಲೆಯಲ್ಲಿ ಒಂಟಿಯಾಗಿ ಕೂತು ಅದು ಬ್ಯಾಟರಿ ಮುಗಿಯುವವರೆಗೆ ಜಪ ಮಾಡಿತು. ಕಸ ಕೊಡಲು ಯಾರೂ ಬರಲಿಲ್ಲ. ಇಬ್ಬರು ಬಂದು ಊದುಬತ್ತಿ ಹಚ್ಚಿ ಹೋದರು.

ಕಸವಾದರೂ ನಡೆದು ಬರುವುದಿಲ್ಲವಲ್ಲ. ಬೋಂಗ್‌ಛೀಯೇ ಮನೆಮನೆಗೆ ನಡೆದಳು. ಪ್ರತಿ ಮನೆಯಲ್ಲೂ ಚಹಾ ಕೊಟ್ಟರು. ಕಡಲೆಬೀಜದ ಚಿಕ್ಕಿ ಕೊಟ್ಟರು. ಕೆಟ್ಟ ರೇಡಿಯೋ ಮಾತ್ರ ಕೊಡಲಿಲ್ಲ.

ಬುನ್‌ತೇಯ ಮನೆಯ ಅಟ್ಟದಲ್ಲಿ ಅನ್ನ ಬೇಯಿಸುವ ಕುಕ್ಕರುಗಳು ಸಾಲಾಗಿ ಕೂತಿದ್ದವು, ಒಂದರ ಮೇಲೊಂದು, ವಯಸ್ಸಿನ ಪ್ರಕಾರ.

"ಇದು ಅಪ್ಪ ಕೊಂಡಿದ್ದು. ಇದರ ತಳ ಹೋಗಿದೆ, ಮುಚ್ಚಳ ಚೆನ್ನಾಗಿದೆ. ಅದರ ಮುಚ್ಚಳ ಹೋಗಿದೆ, ತಳ ಚೆನ್ನಾಗಿದೆ," ಎಂದ ಬುನ್‌ತೇ.

"ಹಂಗಾದ್ರೆ ಇದರ ಮುಚ್ಚಳ ಅದಕ್ಕೆ ಹಾಕು."

"ಕೂರಲ್ಲ ಚಿಕ್ಕಮ್ಮ."

"ಕೂರಲ್ಲ ಅಂದ್ಮೇಲೆ ಯಾಕೆ ಕೂರ್ಸಿದೀಯ? ಕೊಡು ಇಲ್ಲಿ."

"ಎಸೆಯೋಕೆ ಮನಸ್ಸು ಬರಲ್ಲ. ದುಡ್ಡು ಕೊಟ್ಟು ತಂದಿದ್ದಲ್ವಾ? ಬಿಟ್ಟಿ ಕೊಟ್ರೆ ಅಪ್ಪ ಕನಸಲ್ಲಿ ಬಂದು ಬೈತಾನೆ. ಅದೂ ಅಲ್ದೆ ನಿಮ್ಮ ಹೆಸರೇ 'ಹೇಗೋ ಸಾಕೋಣ' ಅಂತ. ನಾನೂ ಹೇಗೋ ಸಾಕ್ತಿದೀನಿ."

"ನನ್ನನ್ನ ಸಾಕಿದ್ದಕ್ಕೆ ನಾನು ಬೆಳೆದೆ ಕಣೋ. ನಿನ್ನ ಕುಕ್ಕರ್ ಬೆಳೆಯತ್ತಾ?"

ಬೆಳೆಯುವುದಿಲ್ಲ ಎಂದು ಬುನ್‌ತೇ ಒಪ್ಪಿದ. ಕುಕ್ಕರ್ ಕೊಡಲು ಒಪ್ಪಲಿಲ್ಲ. ಹೀಗೆ ಕೇರಿಯ ತುಂಬ ತ್ಯಾಜ್ಯದ ವ್ಯಾಜ್ಯ ನಡೆಯಿತು. ಒಬ್ಬರಿಗೆ ಹಳೆ ಫೋನಿನಲ್ಲಿ ತೀರಿಹೋದ ಬೆಕ್ಕಿನ ಚಿತ್ರ ಇತ್ತು. ಇನ್ನೊಬ್ಬರಿಗೆ ಕೆಟ್ಟ ಟಿವಿಯ ಮೇಲೆ ಹೂದಾನಿ ಇಡಲು ಜಾಗ ಬೇಕಿತ್ತು. ವರ್ಷಾಂತ್ಯ ಹತ್ತಿರವಾದ ಹಾಗೆ ಎಲ್ಲರೂ ಮನೆ ತೊಳೆದರು, ಕಿಟಕಿ ಒರೆಸಿದರು, ಕೆಟ್ಟ ಯಂತ್ರಗಳನ್ನೂ ಚೆನ್ನಾಗಿ ಒರೆಸಿ ಮತ್ತೆ ಒಳಗಿಟ್ಟರು. ಶೆಡ್ಡಿನ ಮೂಲೆಯ ರಾಶಿ ಒಂದು ಬಕೆಟ್ಟಿಗಿಂತ ಮೇಲೇರಲಿಲ್ಲ. ಬೋಂಗ್‌ಛೀ ತನ್ನ ಸ್ಟೂಲಿನ ಮೇಲೆ ಕೂತು ಅದನ್ನು ನೋಡಿದಳು. ಬೈಕುಗಳು ಸಾಲಾಗಿ ನಿಂತಿರುವುದು ಅವಳಿಗೆ ಕಣ್ಣಿಗೆ ಕಟ್ಟಿತು. ಅವಳ ಸ್ಟೂಲಿನ ಜಾಗದಲ್ಲಿ ಯಾರದ್ದೋ ಸ್ಕೂಟರು, ಎಣ್ಣೆ ಸೋರಿಸಿಕೊಂಡು.

ಅಷ್ಟರಲ್ಲಿ ತ್ವಾನಜ್ಜಿ ಕರೆದಳು. "ಛೀ, ನಮ್ಮನೇಲಿ ಒಂದಿದೆ. ಗೋಡೆ ಗಡಿಯಾರ. ಕರೆಂಟಿಂದು, ಹೊತ್ತು ಹೊತ್ತಿಗೆ ಮಾತಾಡ್ತಿತ್ತು. ನಿಂತು ಎಷ್ಟೋ ವರ್ಷ ಆಯ್ತು. ಹೋದರೆ ಸಾಕಾಗಿದೆ."

"ಕೊಡಿ ಅಜ್ಜಿ, ಈಗಲೇ ಕೊಡಿ!"

"ಹೇಗೆ ಕೊಡ್ಲಿ?" ಎಂದಳು ಅಜ್ಜಿ ದನಿ ತಗ್ಗಿಸಿ. "ಗಡಿಯಾರ ಕಣೇ."

ಬೋಂಗ್‌ಛೀ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ತೈನಾನಿನಲ್ಲಿ ಯಾರೂ ಯಾರಿಗೂ ಗಡಿಯಾರ ಕೊಡುವುದಿಲ್ಲ. 'ಗಡಿಯಾರ ಕೊಟ್ಟೆ' ಎನ್ನುವುದೂ 'ಮಣ್ಣು ಮಾಡಿ ಬಂದೆ' ಎನ್ನುವುದೂ ಅಲ್ಲಿ ಹತ್ತಿರ ಹತ್ತಿರ ಒಂದೇ ಸದ್ದು. ನಮ್ಮಲ್ಲಿ ಕಾಲ ಎಂದರೆ ಹೊತ್ತೂ ಹೌದು, ಹೊತ್ತೊಯ್ಯುವ ಯಮನೂ ಹೌದಲ್ಲ, ಹಾಗೆ.

"ನಿನ್ನನ್ನ ಕೊಂದ ಪಾಪ ನನಗ್ಯಾಕೆ?" ಎಂದಳು ಅಜ್ಜಿ. "ನಿನ್ನ ಕಡುಬು ನನಗೆ ಇಷ್ಟ."

ಬೋಂಗ್‌ಛೀ ಏಪ್ರನ್ನಿನ ಜೇಬಿಗೆ ಕೈಹಾಕಿ, ಒಂದು ಯುವಾನಿನ ನಾಣ್ಯ ತೆಗೆದು ಅಜ್ಜಿಯ ಅಂಗೈಯಲ್ಲಿಟ್ಟಳು. "ತಗೊಳ್ಳಿ. ನೀವು ಕೊಡ್ತಿಲ್ಲ, ಮಾರ್ತಿದೀರಿ. ನಾನು ಇಸ್ಕೊಳ್ತಿಲ್ಲ, ಕೊಳ್ತಿದೀನಿ. ಯಮನಿಗೆ ಇಲ್ಲಿ ಕೆಲಸ ಇಲ್ಲ."

ಇದು ಎಲ್ಲರೂ ಬಲ್ಲ ಉಪಾಯವೇ. ಆದರೆ ಅಜ್ಜಿ ಅದನ್ನು ಬುನ್‌ತೇಗೆ ಹೇಳಿದ ರೀತಿಯಲ್ಲಿ ಸ್ವಲ್ಪ ಏರುಪೇರಾಯಿತು. ಛೀ ಗಡಿಯಾರಕ್ಕೆ ದುಡ್ಡು ಕೊಟ್ಟಳು ಎಂದಳು ಅಜ್ಜಿ. ಬುನ್‌ತೇ ಅದನ್ನು ಗಂಜಿಯ ಜೊತೆ ಎಲ್ಲರಿಗೂ ಬಡಿಸಿದ. ಮರುದಿನ ಬೆಳಗ್ಗೆ ಶೆಡ್ಡಿನ ಮುಂದೆ ಮೊದಲು ನಿಂತವನು ಅವನೇ, ಕಂಕುಳಲ್ಲಿ ಅಪ್ಪನ ಕುಕ್ಕರ್ ಇರುಕಿಕೊಂಡು.

"ಚಿಕ್ಕಮ್ಮ, ಒಂದು ಯುವಾನ್ ಕೊಡಿ."

"ಇದು ಕುಕ್ಕರ್ ಕಣೋ. ಗಡಿಯಾರ ಅಲ್ಲ."

"ಇಲ್ನೋಡಿ. ಇಷ್ಟು ಹೊತ್ತಿಗೆ ಅನ್ನ ಆಗತ್ತೆ ಅಂತ ಅಂಕಿ ತೋರಿಸ್ತಿತ್ತು. ಹೊತ್ತು ತೋರ್ಸಿದ್ರೆ ಗಡಿಯಾರ ಅಲ್ವಾ? ಬಿಟ್ಟಿ ಕೊಟ್ಟು ನಿಮ್ಮ ಜೀವಕ್ಕೆ ಏನಾದ್ರೂ ಆದ್ರೆ ಖೂನ್ ಚಿಕ್ಕಪ್ಪನಿಗೆ ನಾನೇನು ಉತ್ತರ ಹೇಳ್ಲಿ?"

"ಅವರು ಕೇಳೋದೇ ಇಲ್ಲ, ಬಿಡು," ಎಂದಳು ಬೋಂಗ್‌ಛೀ. ಆದರೂ ನಾಣ್ಯ ಕೊಟ್ಟಳು. ಬುನ್‌ತೇ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಆಕಾಶಕ್ಕೆ ತೋರಿಸಿ, "ಅಪ್ಪಾ, ಎಸೆದಿಲ್ಲ, ಮಾರಿದೀನಿ!" ಎಂದು ಕೂಗಿ ಹೇಳಿದ.

ಕೇರಿಗೆ ಬೇಕಾಗಿದ್ದದ್ದು ಇಷ್ಟೇ. ಬಿಟ್ಟಿ ಕೊಟ್ಟರೆ ಕಳೆದುಕೊಂಡ ಹಾಗೆ, ಒಂದು ಯುವಾನಿಗೆ ಮಾರಿದರೆ ವ್ಯಾಪಾರ. ವ್ಯಾಪಾರ ಎಂದಮೇಲೆ ಚೌಕಾಸಿ. ಚೌಕಾಸಿ ಎಂದಮೇಲೆ ನೋಡಲು ಜನ. ಸಂಜೆಯ ಹೊತ್ತಿಗೆ ಶೆಡ್ಡಿನ ಮುಂದೆ ದೇಗುಲದ ಉತ್ಸವಕ್ಕೆ ಸೇರಿದಷ್ಟು ಜನ. ಮೈಕ್ರೋವೇವ್ ಬಂತು, ಗಂಟೆ ತೋರಿಸುತ್ತಿತ್ತು. ವಿಡಿಯೋ ಪ್ಲೇಯರ್ ಬಂತು, ಅದೂ ತೋರಿಸುತ್ತಿತ್ತು, ಯಾವಾಗಲೂ ತಪ್ಪು. ಫೋನುಗಳ ಬಗ್ಗೆ ವಾದವೇ ಇರಲಿಲ್ಲ. ಬೆಕ್ಕಿನ ಚಿತ್ರವನ್ನು ಹೊಸ ಫೋನಿಗೆ ದಾಟಿಸಿ ಹಳೆಯದನ್ನು ತಂದರು. ಹೂದಾನಿಯ ಟಿವಿಯೂ ಬಂತು, ಹೂದಾನಿ ಇಲ್ಲದೆ. ಒಂದು ಟೇಬಲ್ ಫ್ಯಾನಿನ ಬಗ್ಗೆ ಮಾತ್ರ ಬಿಸಿ ಏರಿತು.

"ಇದಕ್ಕೆಲ್ಲಿದೆ ಕಾಲ?" ಎಂದಳು ಬೋಂಗ್‌ಛೀ.

"ಕಾಲು ಇತ್ತು. ಮುರಿದಿದೆ," ಎಂದ ತಂದವನು.

ಬುನ್‌ತೇ ಎರಡನೆಯ ಸಲ ಸೊಳ್ಳೆ ಹೊಡೆಯುವ ಕರೆಂಟ್ ಬ್ಯಾಟು ಹಿಡಿದು ಬಂದ. ಅವಳು ತಿರುಗಿಸಿ ಮುರುಗಿಸಿ ನೋಡಿದಳು. "ಇದು ಯಾವ ಹೊತ್ತು ತೋರಿಸತ್ತೋ?"

"ಸೊಳ್ಳೆಯ ಕೊನೆಯ ಹೊತ್ತು. ಸೊಳ್ಳೆ ಪಾಲಿಗೆ ಇದೇ ಕಾಲ ಚಿಕ್ಕಮ್ಮ!"

ಆ ಮಾತಿಗಾದರೂ ಕೊಡಬೇಕು ಎಂದು ತ್ವಾನಜ್ಜಿ ತೀರ್ಪು ಕೊಟ್ಟಳು. ಬೋಂಗ್‌ಛೀ ಕೊಟ್ಟಳು. ಅವಳಿಗೇನೂ ನಷ್ಟ ಆಗಲಿಲ್ಲ. ಸಂಜೆ ಅವಳು ಹಂಚಿದ ನಾಣ್ಯಗಳೇ ಬೆಳಗ್ಗೆ ಕಡುಬಿನ ಬಟ್ಟಲಿನ ಪಕ್ಕದಲ್ಲಿ ಬಂದು ಕೂರುತ್ತಿದ್ದವು. ಖೂನ್ ಅವನ್ನು ಬಟ್ಟಲುಗಳ ಜೊತೆಗೇ ತೊಳೆದು, ಮಾತಿಲ್ಲದೆ ಅವಳ ಜೇಬಿಗೆ ವಾಪಸ್ಸು ಹಾಕುತ್ತಿದ್ದ. ಕೇರಿಯ ಅಟ್ಟಗಳು ಹಗುರಾದವು, ಶೆಡ್ಡಿನ ರಾಶಿ ತಗಡಿಗೆ ತಾಗಿತು.

ಹೊಸ ವರ್ಷದ ಮುಂಚಿನ ವಾರ ಲಾರಿ ಬಂತು. ಜೊತೆಗೆ ಕಚೇರಿಯ ಚುಆಂಗ್ ಸಾಹೇಬ, ಕೈಗೆ ಬಿಳಿ ಗವಸು. ಸ್ಥಳೀಯ ಟಿವಿಯ ಹುಡುಗಿಯೂ ಒಬ್ಬಳು ಕ್ಯಾಮೆರಾದವನ ಜೊತೆ ಬಂದಿದ್ದಳು. ಹೊಕ್‌ಲಾಯ್ ಹೊಸ ಕೋಟು ಹಾಕಿ ತಲೆ ಬಾಚಿಕೊಂಡಿದ್ದ. ಚುಆಂಗ್ ರಾಶಿಯನ್ನು ಸುತ್ತಿ ನೋಡಿ ತಲೆದೂಗಿದ.

"ಒಂದು ಲಾರಿಗೂ ಮಿಗತ್ತೆ. ಭೇಷ್. ಜನ ಇಷ್ಟು ಕೊಟ್ರಾ?"

"ಕೊಟ್ಟಿಲ್ಲ ಸಾಹೇಬ್ರೇ, ಮಾರಿದೀವಿ!" ಎಂದ ಬುನ್‌ತೇ ಹೆಮ್ಮೆಯಿಂದ. ಹೊಕ್‌ಲಾಯ್ ಅವನ ಕಾಲು ತುಳಿಯುವುದು ಅರೆಗಳಿಗೆ ತಡವಾಯಿತು.

ಚುಆಂಗನ ಪೆನ್ನು ಗಾಳಿಯಲ್ಲೇ ನಿಂತಿತು. "ಮಾರಿದ್ರಾ? ಕೊಂಡಿದ್ಯಾರು? ದುಡ್ಡು ಕೊಟ್ಟು ಕೊಂಡ್ರೆ ಅದು ಗುಜರಿ ವ್ಯಾಪಾರ. ಅದಕ್ಕೆ ಲೈಸೆನ್ಸ್ ಬೇಕು. ನಮ್ಮ ಲೆಕ್ಕಕ್ಕೆ ಜನ ದಾನವಾಗಿ ಕೊಟ್ಟಿದ್ದು ಮಾತ್ರ ಬರೋದು. ಕ್ಷಮಿಸಿ, ಇದಕ್ಕೆ ನಾನು ಸಹಿ ಹಾಕೋಕಾಗಲ್ಲ."

ಬುನ್‌ತೇ ತನ್ನ ಕಾಲನ್ನೇ ನೋಡಿಕೊಂಡ. ಹೊಕ್‌ಲಾಯ್ ಬಾಯಿ ತೆರೆದ, ಧ್ವನಿವರ್ಧಕ ಇಲ್ಲದ್ದರಿಂದ ಏನೂ ಹೊರಡಲಿಲ್ಲ. ಸ್ಟೂಲಿನ ಮೇಲಿದ್ದ ಬೋಂಗ್‌ಛೀ ನಿಧಾನಕ್ಕೆ ಎದ್ದಳು.

"ಕೊಂಡಿದ್ದು ನಾನು ಸಾಹೇಬ್ರೇ. ಅಂದ್ಮೇಲೆ ಇದೆಲ್ಲ ಈಗ ನಂದು ತಾನೇ?"

"ಹಾಗನ್ನಬಹುದು ಅಮ್ಮ."

"ನಂದನ್ನ ನಾನು ದಾನ ಕೊಡಬಹುದು ತಾನೇ?"

"ಕೊಡಬಹುದು..."

ಬೋಂಗ್‌ಛೀ ರಾಶಿಯಿಂದ ತ್ವಾನಜ್ಜಿಯ ಗೋಡೆ ಗಡಿಯಾರ ಎತ್ತಿದಳು. ಏಪ್ರನ್ನಿನಿಂದ ಧೂಳು ಒರೆಸಿದಳು. ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ, ಅತ್ಯಂತ ಮರ್ಯಾದೆಯಿಂದ ಅವನ ಮುಂದೆ ಚಾಚಿದಳು. "ಹಂಗಾದ್ರೆ ಇಸ್ಕೊಳ್ಳಿ. ಬಿಟ್ಟಿಯಾಗಿ. ಮನಸಾರೆ ಕೊಡ್ತಿದೀನಿ."

ಚುಆಂಗ್ ಎರಡು ಹೆಜ್ಜೆ ಹಿಂದೆ ಸರಿದ. "ಇಲ್ಲ ಇಲ್ಲ, ನನ್ನ ಕೈಗ್ಯಾಕೆ... ಅಲ್ಲೇ ಲಾರಿಗೆ ಹಾಕಿ..."

"ಸಹಿ ಹಾಕಿ ತಗೊಳ್ಳೋರು ನೀವಲ್ವಾ? ನಿಮ್ಮ ಕೈಗೇ ಕೊಡಬೇಕು. ಇದೊಂದೇ ಅಲ್ಲ, ಹೊತ್ತು ತೋರ್ಸೋದು ಇನ್ನೂ ರಾಶಿ ಇದೆ, ಒಂದೊಂದಾಗಿ ಕೊಡ್ತೀನಿ. ನಿಮ್ಮ ವಯಸ್ಸೆಷ್ಟು ಸಾಹೇಬ್ರೇ?"

"ನಲವತ್ತೊಂಬತ್ತು."

"ಅಯ್ಯಯ್ಯೋ, ಒಂಬತ್ತು!" ಎಂದರು ಹೆಂಗಸರೆಲ್ಲ ಒಟ್ಟಿಗೆ. ಒಂಬತ್ತು ಬಂದ ವರ್ಷ ಉಗುರು ಕತ್ತರಿಸುವಾಗಲೂ ಜೋಪಾನ ಎನ್ನುವ ಜನ ಅದು. "ಮದುವೆ ಆಗಿದೆಯೇನಪ್ಪಾ? ಮಕ್ಕಳು ಚಿಕ್ಕವಾ?" ಎಂದು ತ್ವಾನಜ್ಜಿ ಮರುಕದಿಂದ ವಿಚಾರಿಸಿದಳು.

ಗಡಿಯಾರ ಇನ್ನೂ ಅವನ ಎದೆಯ ಮಟ್ಟದಲ್ಲಿ ಕಾಯುತ್ತಿತ್ತು. ಚುಆಂಗ್ ಗವಸು ಕಿತ್ತು ಪ್ಯಾಂಟಿನ ಜೇಬೆಲ್ಲ ತಡಕಿದ. ನೋಟಿತ್ತು, ಕಾರ್ಡಿತ್ತು, ಚಿಲ್ಲರೆ ಇರಲಿಲ್ಲ. ಕೊನೆಗೆ ಬುನ್‌ತೇಯ ಕಡೆ ತಿರುಗಿ ಕಿವಿಯಲ್ಲಿ ಏನೋ ಅಂದ. ಬುನ್‌ತೇ ಒಂದು ಯುವಾನ್ ಸಾಲ ಕೊಟ್ಟ. ಸಾಹೇಬ ಅದನ್ನು ಬೋಂಗ್‌ಛೀಯ ಕೈಗೆ ತುರುಕಿ, ಗಡಿಯಾರ ಇಸಿದುಕೊಂಡು, ನಿಟ್ಟುಸಿರುಬಿಟ್ಟ.

"ಈಗ ನೀವೂ ದುಡ್ಡು ಕೊಟ್ಟು ಕೊಂಡಿರಿ," ಎಂದಳು ತ್ವಾನಜ್ಜಿ. "ಲೈಸೆನ್ಸ್ ಇದೆಯೇನಪ್ಪಾ?"

ಮೊದಲು ನಕ್ಕವನು ಲಾರಿಯವನು. ಆಮೇಲೆ ಕ್ಯಾಮೆರಾದವನು. ಕೊನೆಗೆ ತಡೆಯಲಾರದೆ ಚುಆಂಗನೂ ನಕ್ಕುಬಿಟ್ಟ. ಗಡಿಯಾರದ ಬೆನ್ನಿನ ಮೇಲೇ ಕಾಗದ ಇಟ್ಟುಕೊಂಡು 'ನಿವಾಸಿಗಳು ಕೊಟ್ಟದ್ದು' ಎಂದು ಬರೆಯಹೋದವನು 'ಕೊ' ಎಂಬಲ್ಲೇ ತಡೆದು, ಹೊಡೆದುಹಾಕಿ, 'ನಿವಾಸಿಗಳಿಂದ ಬಂದದ್ದು' ಎಂದು ತಿದ್ದಿ ಸಹಿ ಹಾಕಿದ. ಶೆಡ್ಡು ಉಳಿಯಿತು. ಪಟಾಕಿ ಹೊಡೆಯಲು ಹೊಸ ವರ್ಷದವರೆಗೆ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ.

ಹೊಗೆ ಕರಗಿದ ಮೇಲೆ ಟಿವಿಯ ಹುಡುಗಿ ಬೋಂಗ್‌ಛೀಯನ್ನು ಅವಳ ಸ್ಟೂಲಿನ ಮೇಲೆ ಕೂರಿಸಿ, ಮೈಕು ಹಿಡಿದಳು. ಹೊಕ್‌ಲಾಯ್ ಪಕ್ಕದಲ್ಲಿ ಬಂದು, ಹೊಟ್ಟೆ ಒಳಗೆಳೆದುಕೊಂಡು, ಕ್ಯಾಮೆರಾಕ್ಕೆ ಕಾಣುವಂತೆ ನಿಂತ.

"ಅಮ್ಮ, ಇಡೀ ತೈನಾನ್ ನಿಮ್ಮನ್ನ ನೋಡ್ತಿದೆ," ಎಂದಳು ಹುಡುಗಿ. "ಮನೆಮನೆ ತಿರುಗಿದ್ರಿ, ಸ್ವಂತ ಕಾಸು ಕೊಟ್ರಿ, ಸಾಹೇಬ್ರನ್ನೂ ಎದುರಿಸಿದ್ರಿ. ಇದೆಲ್ಲ ಯಾಕೆ? ಭೂಮಿಯ ಚಿಂತೆಯಾ? ಮೊಮ್ಮಕ್ಕಳ ಭವಿಷ್ಯನಾ? ಈ ತಗಡಿನ ಶೆಡ್ಡಲ್ಲಿ ಅಂಥದ್ದೇನಿದೆ?"

ಬೋಂಗ್‌ಛೀ ಹಿಂದೆ ತಿರುಗಿ ಬೆರಳಿನಿಂದ ಗೋಡೆಯನ್ನು ಟಕ್ ಟಕ್ ಎನ್ನಿಸಿದಳು.

"ಇದರಾಚೆ ನಮ್ಮ ಮುಖ್ಯಸ್ಥರ ಅಡುಗೆಮನೆ ಕಣಮ್ಮ. ಮಧ್ಯಾಹ್ನ ಅವರ ಹೆಂಡ್ತಿ ಅವರಿಗೆ ಬೈಯೋದು ಈ ಸ್ಟೂಲ್ ಮೇಲೆ ಕೂತ್ರೆ ಮಾತ್ರ ಒಂದಕ್ಷರ ಬಿಡದೆ ಕೇಳ್ಸತ್ತೆ."